ಅವರು ಊರಾಗಿಲ್ಲರಿ

ವಿಮಾ ಏಜೆಂಟನಿಗೆ ಬಾ ಎಂದು ಹೇಳಿ ಆ ಹೊತ್ತಿಗೆ ಮನೆಯಲ್ಲಿ ಇರದೇ ಹೋಗುವುದು ನಮ್ಮ ಸೀಮೆಯ ಒಂದು ಪದ್ಧತಿ. ಸಂತೆಗೆ, ಜಾತ್ರೆಗೆ ಇರುವಂತೆ ಇದಕ್ಕೂ ಒಂದು ಚರಿತ್ರೆಯಿದೆ. ಅದನ್ನು ಬರೆಯಲು ನನ್ನ ಹತ್ತಿರ ಇರುವ ದಾಖಲೆ ಒಂದು ತಗಡಿನ ಟ್ರಂಕು. ಅಪ್ಪ 1956ಕ್ಕೆ ಮೊದಲು ಮುಂಬಯಿಯ ಕಂಪನಿಯೊಂದರ ಏಜೆಂಟ್, ಆಮೇಲೆ ಎಲ್‌ಐಸಿಗೆ. ನಾನು 1981ರಿಂದ. ಇಬ್ಬರ ತಿರುಗಾಟವೂ ಹುಬ್ಬಳ್ಳಿಯ ಸುತ್ತಮುತ್ತಲೇ, ಇಬ್ಬರ ಡೈರಿಗಳೂ ಅದೇ ಟ್ರಂಕಿನಲ್ಲಿವೆ.

ಅಪ್ಪನ ಡೈರಿಗಳಲ್ಲಿ ಗಡಿಯಾರವೇ ಇಲ್ಲ. ‘ಅಮಾಸಿ ಮರುದಿನ ಬೈಲಹೊಂಗಲ’, ‘ಹತ್ತಿ ಮಾರಿದ ಮ್ಯಾಲೆ ಅಣ್ಣಿಗೇರಿ’, ‘ಪಗಾರದ ದಿನ ವರ್ಕ್‌ಶಾಪ್ ಗೇಟು’ ಎಂದೆಲ್ಲ ಇದೆ, ‘ಸಂಜೆ ಐದಕ್ಕೆ’ ಎಂಬುದು ಎಲ್ಲಿಯೂ ಇಲ್ಲ. ಯಾರೂ ಅವರಿಗೆ ಟೈಮು ಕೊಡುತ್ತಿರಲಿಲ್ಲ, ಹಾಗಾಗಿ ಯಾರೂ ಅದನ್ನು ತಪ್ಪಿಸುತ್ತಲೂ ಇರಲಿಲ್ಲ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಪಗಾರದ ದಿನ ಗೇಟಿನಿಂದಲೇ ಹೊರಬರಬೇಕು, ಹತ್ತಿ ದಲಾಲಿ ಹರಾಜಿನ ಹೊತ್ತಿಗೆ ಅಡತಿ ಅಂಗಡಿಯಲ್ಲೇ ಇರಬೇಕು. ಯಾವ ಮನುಷ್ಯ ಯಾವಾಗ ಎಲ್ಲಿ ಸಿಗುತ್ತಾನೆಂದು ತಿಳಿದಿರುವುದೇ ಏಜೆಂಟನ ವಿದ್ಯೆಯಾಗಿತ್ತು.

ಕಲ್ಕತ್ತೆಯಲ್ಲಿ ಯುರೋಪಿಯನ್ನರಿಗಾಗಿ 1818ರಲ್ಲಿ ಕಣ್ಣು ಬಿಟ್ಟ ಜೀವವಿಮೆಯ ವ್ಯವಹಾರ ಮುಂಬಯಿಗೆ ಬಂದು, 1874ರ ಓರಿಯಂಟಲ್‌ನಂಥ ಕಂಪನಿಗಳಿಂದ ಬೇರು ಬಿಟ್ಟಿತು. 1913ರಲ್ಲಿ ಸಾತಾರೆಯಲ್ಲೇ ವೆಸ್ಟರ್ನ್ ಇಂಡಿಯಾ ಹುಟ್ಟಿತು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದ್ದು, ಕಂಪನಿಗಳು ಪೇಪರಿನ ಜೊತೆ ಅದೇ ರೈಲಿನಲ್ಲಿ ಬರುತ್ತಿದ್ದವು. ಮೈಸೂರು ಸೀಮೆಯ ಕತೆ ಬೇರೆ. ಅಲ್ಲಿ 1891ರಲ್ಲೇ ಸರ್ಕಾರ ತನ್ನ ನೌಕರರಿಗೆ ತಾನೇ ವಿಮೆ ಮಾಡಿಸುವ ವ್ಯವಸ್ಥೆ ತಂದಿತ್ತು. ಕಂತು ಸಂಬಳದಲ್ಲಿ ಕಡಿತವಾಗಿಬಿಟ್ಟರೆ ಏಜೆಂಟನಿಗೂ ಕೆಲಸವಿಲ್ಲ, ಗುಮಾಸ್ತನಿಗೂ ಅಡಗುವ ತೊಂದರೆಯಿಲ್ಲ. ನಮ್ಮ ಕಡೆ ಮನೆ ಮನೆಯ ಕಟ್ಟೆ ಹತ್ತಬೇಕಿತ್ತು. 1938ರ ಕಾಯ್ದೆ ಬಂದ ಮೇಲೆ ಕಟ್ಟೆ ಹತ್ತಲು ಲೈಸೆನ್ಸೂ ಬೇಕಾಯಿತು.

ಟೈಮು ಕೊಡದಿದ್ದರೂ ಜನ ಏಜೆಂಟನಿಂದ ಯಾಕೆ ತಪ್ಪಿಸಿಕೊಳ್ಳುತ್ತಿದ್ದರು? ಜಿಪುಣತನವೆಂದು ನಮ್ಮ ಡೆವಲಪ್‌ಮೆಂಟ್ ಆಫೀಸರುಗಳು ಹೇಳುವುದುಂಟು. ನಾನು ಒಪ್ಪುವುದಿಲ್ಲ. ‘ನೀವು ಸತ್ತರೆ ಇಷ್ಟು ಬರುತ್ತದೆ’ ಎನ್ನುವವನನ್ನು ಮುಸ್ಸಂಜೆ ದೀಪ ಹಚ್ಚುವ ಹೊತ್ತಿಗೆ ಯಾವ ಮನೆಯ ಹೆಣ್ಣುಮಗಳು ಒಳಗೆ ಕರೆದಾಳು? ಮಂಗಳವಾರ ಸಹಿ ಹಾಕುವುದಿಲ್ಲ, ಅಮಾವಾಸ್ಯೆಗೆ ದುಡ್ಡು ಹೊರಗೆ ಕೊಡುವುದಿಲ್ಲ, ಪಿತೃಪಕ್ಷದಲ್ಲಿ ಹೊಸದೇನೂ ಇಲ್ಲ, ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಇವನ್ನೆಲ್ಲ ಕಳೆದು ಉಳಿದ ಹೊತ್ತಿನಲ್ಲಿ ಒಕ್ಕಲಿಗ ಹೊಲದಲ್ಲಿರುತ್ತಾನೆ. ಅಪ್ಪ ಪಂಚಾಂಗ ನೋಡದೆ ಬಸ್ಸು ಹತ್ತಿದವರಲ್ಲ. ದೈವಭಕ್ತಿಯಿಂದ ಅಲ್ಲ, ಬಸ್ ಚಾರ್ಜು ಉಳಿಸಲು.

1956ರ ಜನವರಿ 19ರ ಸಂಜೆ ಹಣಕಾಸು ಮಂತ್ರಿ ಸಿ.ಡಿ. ದೇಶಮುಖ್ ಆಕಾಶವಾಣಿಯಲ್ಲಿ ಮಾತಾಡಿ, ಜೀವವಿಮೆಯನ್ನು ಸರ್ಕಾರ ವಹಿಸಿಕೊಂಡಿದೆ ಎಂದರು. ಸೆಪ್ಟೆಂಬರ್ 1ಕ್ಕೆ ಎಲ್‌ಐಸಿ ಹುಟ್ಟಿತು. 154 ದೇಶಿ ಕಂಪನಿ, 16 ವಿದೇಶಿ ಕಂಪನಿ, 75 ಪ್ರಾವಿಡೆಂಟ್ ಸೊಸೈಟಿಗಳು ಸೇರಿ ಒಂದಾದವು. ಆ ಜನವರಿಯಲ್ಲಿ ಪದ್ಧತಿ ತಿರುವುಮುರುವಾಯಿತೆಂದು ಅಪ್ಪ ನಗುತ್ತಿದ್ದರು. ವರ್ಷಗಟ್ಟಲೆ ‘ಊರಾಗಿಲ್ಲ’ ಎಂದು ಹೇಳಿಸಿದವರೇ ‘ನಮ್ಮ ರೊಕ್ಕದ ಗತಿ ಏನ್ರಿ’ ಎಂದು ನಮ್ಮ ಮನೆಗೆ ಬಂದರಂತೆ, ಅಪ್ಪ ಊರಲ್ಲಿರಲಿಲ್ಲ.

ನಾನು ಏಜೆನ್ಸಿ ತೆಗೆದುಕೊಂಡ ಕಾಲ ಇನ್ನೊಂದು ಬಗೆಯದು. ಹಿಂದಿನ ವರ್ಷ, 1980ರ ಜುಲೈನಲ್ಲಿ, ನರಗುಂದ ನವಲಗುಂದಗಳಲ್ಲಿ ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದಿದ್ದರು, ಗೋಲಿಬಾರ್ ಆಗಿತ್ತು. ಅದಾದ ಮೇಲೆ ಆ ಕಡೆಯ ಹಳ್ಳಿಗಳಲ್ಲಿ ಬಗಲಿಗೆ ಚೀಲ, ಕೈಯಲ್ಲಿ ಫಾರಂ ಇದ್ದವನೆಂದರೆ ವಸೂಲಿಯವನೇ. ನಾನು ಬಸ್ಸಿನಿಂದ ಇಳಿಯುತ್ತಿದ್ದಂತೆ ಓಣಿಯ ಗಂಡಸರು ಮಾಯ. ಹುಡುಗರು ಮಾತ್ರ ಕಂಠಪಾಠ ಒಪ್ಪಿಸುತ್ತಿದ್ದರು: ‘ಅಪ್ಪಾರು ಊರಾಗಿಲ್ಲರಿ.’ ಒಬ್ಬ ಹುಡುಗನಂತೂ ‘ಅಪ್ಪಾರು ಊರಾಗಿಲ್ಲ ಅಂತ ಅಪ್ಪಾರ ಹೇಳ್ಯಾರ’ ಎಂದುಬಿಟ್ಟ.

ನನ್ನ ಡೈರಿಯಲ್ಲಿ ಇದಕ್ಕೊಂದು ಗುಪ್ತಲಿಪಿ ಬೆಳೆಯಿತು. ಊ.ಹೋ. ಎಂದರೆ ಊರಿಗೆ ಹೋಗ್ಯಾರ, ಹೊ.ಹೋ. ಎಂದರೆ ಹೊಲಕ್ಕೆ, ಪೂ.ಕೂ. ಎಂದರೆ ಪೂಜೆಗೆ ಕೂತಾರ. ಊ.ಹೋ. ಎಂಬುದರಲ್ಲಿ ಹುರುಳಿರಲಿಲ್ಲ. ಹೊ.ಹೋ. ನಿಜವಾಗಿದ್ದರೆ ಅಲ್ಲಿಗೇ ಹೋಗಬಹುದು. ಹೊಲದಲ್ಲಿ ಮನುಷ್ಯ ಮನೆಯಲ್ಲಿಗಿಂತ ಬಿಚ್ಚುಮನಸ್ಸಿನಿಂದ ಮಾತಾಡುತ್ತಾನೆ, ಬುತ್ತಿಯ ರೊಟ್ಟಿಯೂ ಸಿಗುತ್ತದೆ. ಪೂ.ಕೂ. ಮಾತ್ರ ಆಶಾದಾಯಕ. ಪೂಜೆ ಎಂದಾದರೂ ಮುಗಿಯಲೇಬೇಕು. ನಾನು ಕಟ್ಟೆಯ ಮೇಲೆ ಕೂತು ಅಜ್ಜಿಯ ಜೊತೆ ಮಳೆ ಬೆಳೆ ಮಾತಾಡುತ್ತಿದ್ದೆ. ಇಡೀ ಮನೆಯವರ ವಯಸ್ಸು, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಜಾತಕ ಇನ್ನೂ ಉಳಿದಿದೆ ಎಂಬುದು ಆಕೆಯಿಂದಲೇ ಗೊತ್ತಾಗುತ್ತಿತ್ತು. ಶಾಲೆಯ ದಾಖಲೆ ಇಲ್ಲದವರಿಗೆ ಆಗ ಹುಟ್ಟಿದಾಗ ಬರೆಸಿದ ಜಾತಕವೂ ವಯಸ್ಸಿನ ಪುರಾವೆಯಾಗಿ ನಡೆಯುತ್ತಿತ್ತು.

ನಮ್ಮ ಡೆವಲಪ್‌ಮೆಂಟ್ ಆಫೀಸರು ಅಮೆರಿಕದ ಫ್ರಾಂಕ್ ಬೆಟ್ಜರ್‌ನ ಪುಸ್ತಕದ ಭಕ್ತರು. ಬೇಸ್‌ಬಾಲ್ ಆಡುತ್ತಿದ್ದ ಈತ ಫಿಲಡೆಲ್ಫಿಯಾದಲ್ಲಿ ವಿಮೆ ಮಾರಿ ಹೆಸರಾದವನು. ತನ್ನ ದಾಖಲೆ ತೆಗೆದು ಲೆಕ್ಕ ಹಾಕಿದಾಗ ವ್ಯಾಪಾರದ 70 ಪಾಲು ಮೊದಲ ಭೇಟಿಯಲ್ಲೇ, 23 ಪಾಲು ಎರಡನೆಯದರಲ್ಲಿ ಆಗಿತ್ತು. ಮೂರನೆಯ ಭೇಟಿ ಮತ್ತು ಅದರಾಚೆಗೆ ಸಿಕ್ಕಿದ್ದು ಬರೀ 7, ಅದಕ್ಕೆ ಅವನ ಅರ್ಧ ಸಮಯ ಹೋಗುತ್ತಿತ್ತು. ಎರಡರ ಮೇಲೆ ಹೋಗುವುದನ್ನೇ ನಿಲ್ಲಿಸಿದ, ಗಳಿಕೆ ಏರಿತು. ಮೊದಲು ಭೇಟಿಯ ಸಮಯವನ್ನು ಮಾರು, ಪಾಲಿಸಿಯನ್ನು ಆಮೇಲೆ ಮಾರು ಎಂಬುದೂ ಅವನ ಪಾಠವೇ. ಫಿಲಡೆಲ್ಫಿಯಾಕ್ಕೆ ಸರಿ. ಅಣ್ಣಿಗೇರಿಯಲ್ಲಿ ಮೊದಲ ಭೇಟಿ ಚಹಾಕ್ಕೆ, ಎರಡನೆಯದು ಹಿರಿಯಣ್ಣನನ್ನು ಕೇಳಲಿಕ್ಕೆ, ಮಾತು ಶುರುವಾಗುವುದೇ ಮೂರನೆಯದರಲ್ಲಿ. ಬೆಟ್ಜರನ ಲೆಕ್ಕ ನಂಬಿದ ನನ್ನ ಜೊತೆಯವರು ಬೇಗ ಬೇರೆ ಉದ್ಯೋಗ ಹುಡುಕಿಕೊಂಡರು.

ಕಂತಿನ ತಾರೀಖಿನ ವಿಷಯದಲ್ಲಿ ನಮ್ಮ ಹಳೆಯ ತಲೆಗಳು ಅವನಿಗಿಂತ ಜಾಣರು. ಎರೆಭೂಮಿಯ ಜಯಧರ ಹತ್ತಿ ಬಿಡಿಸಿ ಮಾರುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಶ್ರಾವಣದಲ್ಲಿ ಒಪ್ಪಿದ ಪಾಲಿಸಿಗೆ ಅದೇ ಹಣಕಾಸು ವರ್ಷದೊಳಗೆ ಹಿಂದಿನ ತಾರೀಖು ಹಾಕಿಸಿ ಏಪ್ರಿಲ್‌ಗೆ ಕೂರಿಸುತ್ತಿದ್ದರು. ಕೈಯಲ್ಲಿ ರೊಕ್ಕವಿದ್ದವನು ಅಡಗುವುದಿಲ್ಲ.

ಗಡಿಯಾರದ ಭೇಟಿ ಬಂದದ್ದು ಫೋನಿನ ಬೆನ್ನಿಗೆ. 1986ರ ಜುಲೈನಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜು, 128 ಲೈನಿನದು, ಕೂತದ್ದು ನಮ್ಮ ಕಿತ್ತೂರಿನಲ್ಲಿ. ಮುಂದೆ ಹಳ್ಳಿಹಳ್ಳಿಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ಕಿತ್ತೂರಿನ ವ್ಯಾಪಾರಿಗೆ ಹುಬ್ಬಳ್ಳಿಯಿಂದ ಫೋನು ಮಾಡಿ ‘ನಾಳೆ ಹನ್ನೊಂದಕ್ಕೆ ಬರಲೇನ್ರಿ’ ಎಂದು ಕೇಳಬಹುದಾಯಿತು. ಅವರು ‘ಬರ್ರಿ’ ಎನ್ನುತ್ತಿದ್ದರು. ಹೋದರೆ ಬೀಗ. ಮುಖ ನೋಡಿ ಹೇಳಲಾಗದ ‘ಬರ್ರಿ’ಯನ್ನು ತಂತಿಯ ಮೇಲೆ ಸುಲಭವಾಗಿ ಹೇಳಬಹುದೆಂದು ಜನ ಬೇಗ ಕಲಿತರು. ಇಡೀ ಚರಿತ್ರೆಯಲ್ಲಿ ಭೇಟಿ ತಪ್ಪಿಸುವುದು ಒಂದು ಕಲೆಯಾದದ್ದು ಇಲ್ಲಿಂದ. 2003ರ ಮೇ ತಿಂಗಳಲ್ಲಿ ಮೊಬೈಲಿನ ಒಳಬರುವ ಕರೆ ಪುಕ್ಕಟೆಯಾದ ಮೇಲೆ ಎಲ್ಲರ ಜೇಬಿಗೂ ಫೋನು ಬಂತು, ಜೊತೆಗೇ ‘ಟವರ್ ಸಿಗವಲ್ತು’ ಎಂಬ ಮಂತ್ರವೂ. ಈಗ ನೀಲಿ ಟಿಕ್ಕು ಬಿದ್ದ ಮೇಲೂ ಉತ್ತರವಿಲ್ಲ. 1999ರ ಕಾಯ್ದೆಯಿಂದ ಖಾಸಗಿ ಕಂಪನಿಗಳು ಬಂದು, ಕಾಲ್ ಸೆಂಟರಿನ ಹುಡುಗಿಯರು ಟೈಮು ಪಡೆದು ಹುಡುಗರನ್ನು ಕಳಿಸತೊಡಗಿದರು. ಟೈಮು ಕೇಳಿದವರು ಒಬ್ಬರು, ಹೋದವರು ಇನ್ನೊಬ್ಬರು. ಬಾಗಿಲು ತೆರೆಯದಿದ್ದರೆ ಯಾರಿಗೂ ಮುಲಾಜಿಲ್ಲ. ಆ ಹುಡುಗರ ಬಿಸಿಲಿನ ಅಲೆದಾಟ ನೋಡಿ ನನಗೆ ಕನಿಕರವಾಗಿದ್ದುಂಟು.

ಇಷ್ಟು ಹೊತ್ತು ಗಿರಾಕಿಯ ಮೇಲೆ ಹೇಳಿದೆ. ಏಜೆಂಟರ ಕೂಟಗಳಲ್ಲಿ ಚರಿತ್ರೆ ಇಲ್ಲಿಗೇ ನಿಲ್ಲುತ್ತದೆ, ನಾನು ನಿಲ್ಲಿಸಲಾರೆ. ನಮ್ಮ ಕಾಲದಲ್ಲಿ ಮೊದಲ ವರ್ಷದ ಕಂತಿನ ಮೇಲೆ ಕಮಿಷನ್ನು ನೂರಕ್ಕೆ 35ರವರೆಗೆ ಇತ್ತು, ಎರಡು ಮತ್ತು ಮೂರನೆಯ ವರ್ಷ ಏಳೂವರೆ, ಆಮೇಲೆ 5. ಮೊದಲ ಕಂತಿಗೆ ನಾಲ್ಕು ಸಲ ಕಟ್ಟೆ ಹತ್ತಿದವನು ಐದನೆಯ ವರ್ಷದ ಕಂತನ್ನು ನೆನಪಿಸಲು ಒಂದು ಸಲವೂ ಬಾರದಿದ್ದುದಕ್ಕೆ ಕಾರಣ ಈ ಅಂಕಿಗಳಲ್ಲೇ ಇತ್ತು. ಆಗಿನ ನಿಯಮದ ಪ್ರಕಾರ ಏಜೆಂಟ್ ಕಂತಿನ ಹಣ ಮುಟ್ಟುವಂತಿರಲಿಲ್ಲ. ಹಳ್ಳಿಗಳಲ್ಲಿ ಎಲ್ಲರೂ ಅವನ ಕೈಗೇ ಕೊಡುತ್ತಿದ್ದರು, ಅವನು ಬರುತ್ತಾನೆಂದು ರೊಕ್ಕ ತೆಗೆದಿಟ್ಟು ಕಾಯುತ್ತಿದ್ದರು. ಏಜೆನ್ಸಿ ಬಿಟ್ಟುಹೋದವರ ಪಾಲಿಸಿಗಳಿಗೆ ನಮ್ಮಲ್ಲಿ ಅನಾಥ ಪಾಲಿಸಿ ಎನ್ನುತ್ತಾರೆ.

ನವಲಗುಂದ ಕಡೆಯ ಅಂಥದೊಂದು ಪಾಲಿಸಿ ನನ್ನ ಕೈಗೆ ಬಂದಾಗ ಯಜಮಾನ ತೀರಿಕೊಂಡು ವಾರವಾಗಿತ್ತು. ಕಂತು ನಿಂತು ಐದನೆಯ ತಿಂಗಳು. ಮೂರು ವರ್ಷದ ಕಂತು ಪೂರ್ತಿ ಕಟ್ಟಿದ್ದರೆ, ನಿಂತ ಆರು ತಿಂಗಳೊಳಗೆ ಸಾವಾದರೂ ಪೂರ್ತಿ ಮೊತ್ತ ಕೊಡುವ ರಿಯಾಯಿತಿ ಆಗ ಎಲ್‌ಐಸಿಯಲ್ಲಿತ್ತು. ಅವರು ಮೂರು ಮುಗಿಸಿದ್ದರು. ಬಾಕಿ ಕಂತು ಮುರಿದುಕೊಂಡು ಉಳಿದದ್ದು ಹೆಂಡತಿಯ ಹೆಸರಿಗೆ ಬಂತು. ‘ಆ ಏಜೆಂಟ್ರು ದೀಪಾವಳಿಗೆ ಬರ್ತೇನಂದಿದ್ರು, ರೊಕ್ಕ ಹಂಗ ಐತಿ ನೋಡ್ರಿ’ ಎಂದು ಆಕೆ ಕಂತಿನ ನೋಟುಗಳನ್ನು ತಂದು ತೋರಿಸಿದರು. ಎರಡೇ ವರ್ಷ ಕಟ್ಟಿದ್ದರೆ ಆಕೆಗೆ ಏನೂ ಸಿಗುತ್ತಿರಲಿಲ್ಲ.

ಗಿರಾಕಿ ಭೇಟಿ ತಪ್ಪಿಸಿದರೆ ಏಜೆಂಟನಿಗೆ ಬಸ್ ಚಾರ್ಜು ನಷ್ಟ. ಏಜೆಂಟ್ ತಪ್ಪಿಸಿದರೆ ಹೋಗುವುದು ಮನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವವರ ಮಾತು ನನಗೆ ಸೇರುವುದಿಲ್ಲ.

ಓದುವವರಲ್ಲಿ ಒಂದು ಬಿನ್ನಹ. ಪಾಲಿಸಿ ಬೇಡವಾದರೆ ಬಾಗಿಲಲ್ಲೇ ಬೇಡ ಅನ್ನಿ, ಮಕ್ಕಳ ಕೈಯಲ್ಲಿ ಹೇಳಿಸಬೇಡಿ. ಈಗಾಗಲೇ ಪಾಲಿಸಿ ಇದ್ದು ಮಾಡಿಸಿದವನು ಬರುವುದನ್ನು ಬಿಟ್ಟಿದ್ದರೆ ಅವನಿಗಾಗಿ ಕಾಯಬೇಡಿ. ಇವತ್ತೇ ಬಾಂಡ್ ತೆಗೆದು ಕಂತಿನ ತಾರೀಖು, ನಾಮಿನಿಯ ಹೆಸರು ನೋಡಿ. ತಾರೀಖು ದಾಟಿದರೂ ತಿಂಗಳ ಕಂತಿಗೆ 15 ದಿನ, ಉಳಿದವಕ್ಕೆ 30 ದಿನ ಸವಲತ್ತು ಇರುತ್ತದೆ. ಅದೂ ಮುಗಿದಿದ್ದರೆ, ಈಗಿನ ಸಾಮಾನ್ಯ ಪಾಲಿಸಿಗಳನ್ನು ಮೊದಲ ಬಾಕಿ ಕಂತಿನಿಂದ ಐದು ವರ್ಷದೊಳಗೆ ಬಡ್ಡಿ ಕಟ್ಟಿ, ಕೇಳಿದರೆ ಆರೋಗ್ಯದ ಪುರಾವೆ ಕೊಟ್ಟು ಎಬ್ಬಿಸಿಕೊಳ್ಳಬಹುದು. ಬ್ರಾಂಚ್ ಆಫೀಸಿಗೆ ನೀವೇ ಹೋಗಿ. ಅಲ್ಲಿಗೆ ಹೋಗಲು ಏಜೆಂಟನ ಅಪ್ಪಣೆ ಬೇಕಿಲ್ಲ.