ಕೂಸು ಮತ್ತು ಕೋವಿ: ಸಂಶೋಧನೆ ನಡೆದು ಬಂದ ದಾರಿ

ಹಿಂಸೆಯನ್ನು ಕಂಡ ಮಗು ಹಿಂಸೆಯನ್ನೇ ಕಲಿಯುತ್ತದೆ ಎಂಬುದು ನಾವೆಲ್ಲ ತಕರಾರಿಲ್ಲದೆ ಒಪ್ಪುವ ಮಾತು. ಈ ಕ್ಷೇತ್ರದ ಸಂಶೋಧನೆಯೂ ಬಹುಕಾಲ ಅದೇ ನಂಬಿಕೆಯ ಜಾಡಿನಲ್ಲಿ ಸಾಗಿತು. 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು 72 ಮಕ್ಕಳೊಂದಿಗೆ ನಡೆಸಿದ ಪ್ರಯೋಗ ಈಗ ಮನಶ್ಶಾಸ್ತ್ರದ ಪ್ರತಿ ಪಠ್ಯಪುಸ್ತಕದಲ್ಲೂ ಇದೆ. ದೊಡ್ಡವರೊಬ್ಬರು ಗಾಳಿ ತುಂಬಿದ ಬೋಬೋ ಗೊಂಬೆಯನ್ನು ಗುದ್ದಿ, ಸುತ್ತಿಗೆಯಿಂದ ಬಡಿಯುವುದನ್ನು ನೋಡಿದ ಮಕ್ಕಳು ಆಮೇಲೆ ತಾವೂ ಹಾಗೆಯೇ ಮಾಡಿದರು. 1967ರಲ್ಲಿ ಲಿಯೊನಾರ್ಡ್ ಬರ್ಕೊವಿಟ್ಜ್ ಮತ್ತು ಆಂಥನಿ ಲೆಪೇಜ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಕೆಣಕಿ ಸಿಟ್ಟೆಬ್ಬಿಸಿದ ಕಾಲೇಜು ಹುಡುಗರು ಮೇಜಿನ ಮೇಲೆ ಬಂದೂಕು ಕಂಡಾಗ ತಮ್ಮನ್ನು ಕೆಣಕಿದವರಿಗೆ ಹೆಚ್ಚು ವಿದ್ಯುತ್ ಆಘಾತ ಕೊಟ್ಟರು ಎಂದರು. ‘ಆಯುಧ ಪರಿಣಾಮ’ ಎಂಬ ಹೆಸರು ಹುಟ್ಟಿದ್ದು ಅಲ್ಲಿಂದ. ಎರಡಕ್ಕೂ ಆಕ್ಷೇಪಗಳು ಬಂದವು, ಬರಲೇಬೇಕಿತ್ತು. ಗುದ್ದಿಸಿಕೊಳ್ಳಲೆಂದೇ ಮಾಡಿದ ಗೊಂಬೆಯನ್ನು ಗುದ್ದಿದ್ದು ಹಿಂಸೆ ಹೇಗಾದೀತು? ಬಂದೂಕಿನ ಪ್ರಯೋಗವನ್ನು 1971ರಲ್ಲಿ ಮತ್ತೆ ನಡೆಸಿ ನೋಡಿದವರಿಗೆ ಅದೇ ಫಲ ಖಚಿತವಾಗಿ ಸಿಗಲಿಲ್ಲ. ಪ್ರಯೋಗ ಮಾಡುವವರ ನಿರೀಕ್ಷೆ ಏನೆಂದು ಹುಡುಗರು ಊಹಿಸಿರಬಹುದು ಎಂಬ ಅನುಮಾನ ಉಳಿಯಿತು. ಇವೆಲ್ಲಕ್ಕಿಂತ ಮುಖ್ಯವಾದದ್ದು ಬಂಡೂರ ಅವರೇ 1965ರಲ್ಲಿ ಪ್ರಕಟಿಸಿದ, ಜನಪ್ರಿಯ ಬರಹಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಇನ್ನೊಂದು ಪ್ರಯೋಗ. ಗೊಂಬೆಯನ್ನು ಬಡಿದವರಿಗೆ ಶಿಕ್ಷೆಯಾದದ್ದನ್ನು ಕಂಡ ಮಕ್ಕಳು ಕಡಿಮೆ ಅನುಕರಿಸಿದರು. ಬಹುಮಾನದ ಆಸೆ ತೋರಿಸಿದಾಗ ಮಾತ್ರ ತಾವು ಅದನ್ನು ಕಲಿತಿದ್ದೇವೆಂದು ಮಾಡಿ ತೋರಿಸಿದರು. ಕಲಿಯುವುದು ಬೇರೆ, ಮಾಡುವುದು ಬೇರೆ. ನಡುವೆ ನಿಂತಿರುವುದು ಹಿರಿಯರ ಪ್ರತಿಕ್ರಿಯೆ. ಮುಂದಿನ ಸಂಶೋಧನೆ ಸುತ್ತಿ ಬಳಸಿ ತಲುಪಿದ್ದೂ ಈ ನಡುವಿನ ಜಾಗಕ್ಕೇ ಎಂಬುದು ನನ್ನ ವಾದ.

ಪ್ರಯೋಗಾಲಯದ ಹೊರಗೆ ಇನ್ನೊಂದು ಧಾರೆ ಅದಕ್ಕೂ ಮೊದಲೇ ಹರಿಯತೊಡಗಿತ್ತು. ಎರಡನೇ ಮಹಾಯುದ್ಧದ ಲಂಡನ್ನಿನಲ್ಲಿ ಮಕ್ಕಳ ಆಶ್ರಯಧಾಮಗಳನ್ನು ನಡೆಸಿದ ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್, ಬಾಂಬುಗಳಿಗಿಂತ ತಾಯಿಯ ಅಗಲಿಕೆಯೇ ಪುಟ್ಟ ಮಕ್ಕಳನ್ನು ಹೆಚ್ಚು ಕಂಗೆಡಿಸುತ್ತದೆ, ತಾಯಿ ಧೈರ್ಯವಾಗಿದ್ದರೆ ಮಗುವೂ ದಾಳಿಯನ್ನು ತಾಳಿಕೊಳ್ಳುತ್ತದೆ ಎಂದು 1943ರಲ್ಲಿ ಬರೆದರು. ಇದನ್ನೇ ನೆಚ್ಚಿ ಮಕ್ಕಳು ಎಲ್ಲವನ್ನೂ ಬೇಗ ಮರೆಯುತ್ತಾರೆ ಎಂದುಕೊಂಡವರಿಗೆ ಕ್ಯಾಲಿಫೋರ್ನಿಯಾ ಉತ್ತರ ಕೊಟ್ಟಿತು. 1976ರಲ್ಲಿ ಚೌಚಿಲ್ಲಾ ಎಂಬ ಊರಿನಲ್ಲಿ 26 ಮಕ್ಕಳಿದ್ದ ಶಾಲಾ ಬಸ್ಸನ್ನು ಬಂದೂಕುಧಾರಿಗಳು ಅಪಹರಿಸಿದರು. ಎಲ್ಲ ಮಕ್ಕಳೂ ಜೀವಂತ ಮರಳಿದರು. ಆದರೆ ನಾಲ್ಕು ವರ್ಷಗಳ ಮೇಲೂ ತಾವು ನೋಡಿದ ಪ್ರತಿ ಮಗುವಿನಲ್ಲೂ ಆಘಾತದ ಗುರುತುಗಳು ಉಳಿದಿದ್ದವೆಂದು ಮನೋವೈದ್ಯೆ ಲೆನೋರ್ ಟೆರ್ ದಾಖಲಿಸಿದರು. 1984ರಲ್ಲಿ ಲಾಸ್ ಏಂಜಲೀಸ್‌ನ ಪ್ರಾಥಮಿಕ ಶಾಲೆಯೊಂದರ ಆಟದ ಮೈದಾನದ ಮೇಲೆ ಒಬ್ಬ ಗುಂಡು ಹಾರಿಸಿದ. ರಾಬರ್ಟ್ ಪೈನೂಸ್ ತಂಡ ಅಲ್ಲಿನ 159 ಮಕ್ಕಳನ್ನು ಪರೀಕ್ಷಿಸಿದಾಗ, ಮೈದಾನದಲ್ಲಿದ್ದವರಿಗೆ ಅತಿ ಹೆಚ್ಚು, ಕಟ್ಟಡದೊಳಗಿದ್ದವರಿಗೆ ಕಡಿಮೆ, ಅಂದು ಶಾಲೆಯಲ್ಲಿರದವರಿಗೆ ಇನ್ನೂ ಕಡಿಮೆ ತೊಂದರೆ ಕಂಡಿತು. ಹಿಂಸೆಗೂ ಔಷಧಿಯಂತೆ ಪ್ರಮಾಣವಿದೆ ಎಂಬ ಅರಿವು ಇಲ್ಲಿಂದ ಗಟ್ಟಿಯಾಯಿತು.

ಪ್ರಮಾಣವಿದೆ ಎಂದರೂ ಕಾರಣ ಅದೇ ಎಂದು ಹೇಗೆ ಹೇಳುವುದು? ಗುಂಡಿನ ಸದ್ದು ಕೇಳುವ ಬೀದಿಯಲ್ಲಿ ಬಡತನವೂ ಇರುತ್ತದೆ, ಒಡೆದ ಮನೆಗಳೂ ಕೆಟ್ಟ ಶಾಲೆಗಳೂ ಇರುತ್ತವೆ. ಈ ಆಕ್ಷೇಪ ನ್ಯಾಯವಾದದ್ದು, ಮತ್ತು ಕ್ಷೇತ್ರ ಪ್ರಬುದ್ಧವಾದದ್ದೇ ಇದಕ್ಕೆ ಉತ್ತರ ಹುಡುಕುತ್ತ. 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಜೆಫ್ರಿ ಬಿಂಗೆನ್‌ಹೈಮರ್ ಮತ್ತಿಬ್ಬರು ಪ್ರಕಟಿಸಿದ ಷಿಕಾಗೋ ಅಧ್ಯಯನ, ಹಿನ್ನೆಲೆಯಲ್ಲಿ ಒಂದೇ ತೆರನಾದ ಹದಿಹರೆಯದವರನ್ನು ಹೋಲಿಸಿ, ಬಂದೂಕಿನ ಹಿಂಸೆಗೆ ಒಡ್ಡಿಕೊಂಡವರು ಮುಂದಿನ ಎರಡು ವರ್ಷಗಳಲ್ಲಿ ತಾವೇ ಗಂಭೀರ ಹಿಂಸೆ ನಡೆಸುವ ಸಂಭವ ಸುಮಾರು ಇಮ್ಮಡಿ ಎಂದಿತು. ಇನ್ನೂ ಜಾಣತನದ ದಾರಿ ಹಿಡಿದವರು ಸಮಾಜಶಾಸ್ತ್ರಜ್ಞ ಪ್ಯಾಟ್ರಿಕ್ ಶಾರ್ಕಿ. ಒಂದೇ ನೆರೆಹೊರೆಯ ಮಕ್ಕಳಲ್ಲಿ ಕೆಲವರಿಗೆ ಕೊಲೆ ನಡೆದ ಬೆನ್ನಲ್ಲೇ, ಉಳಿದವರಿಗೆ ಬೇರೆ ಸಮಯದಲ್ಲಿ ಓದಿನ ಮತ್ತು ಪದಜ್ಞಾನದ ಪರೀಕ್ಷೆ ನಡೆದಿತ್ತು. ದಿನಾಂಕ ಆಕಸ್ಮಿಕ, ಬೀದಿ ಅದೇ, ಬಡತನ ಅದೇ. 2010ರಲ್ಲಿ ಅವರು ತೋರಿಸಿದಂತೆ, ಕೊಲೆಯಾದ ವಾರದೊಳಗೆ ಪರೀಕ್ಷೆ ಬರೆದ ಆಫ್ರಿಕನ್-ಅಮೆರಿಕನ್ ಮಕ್ಕಳ ಅಂಕ ಗಣನೀಯವಾಗಿ ಕುಸಿದಿತ್ತು. ಆ ಮಕ್ಕಳು ಕೊಲೆಯನ್ನು ಕಣ್ಣಾರೆ ಕಂಡಿರಬೇಕೆಂದೇನೂ ಇಲ್ಲ. ನೋಡಿ ಕಲಿಯುವ ಸಿದ್ಧಾಂತ ಇಲ್ಲಿ ಕೈಕೊಡುತ್ತದೆ: ನೋಡದೆಯೇ, ಏನನ್ನೂ ಅನುಕರಿಸದೆಯೇ ಮಗು ಬದಲಾಗುತ್ತಿದೆ. 2020ರಲ್ಲಿ ಅರ್ಥಶಾಸ್ತ್ರಜ್ಞೆ ಮಾಯಾ ರಾಸಿನ್-ಸ್ಲೇಟರ್ ತಂಡ 44 ಶಾಲಾ ಗುಂಡಿನ ದಾಳಿಗಳನ್ನು ಪರಿಶೀಲಿಸಿತು. ಸಾವು ಸಂಭವಿಸಿದ್ದ ಶಾಲೆಗಳ ಸುತ್ತ, ಇಪ್ಪತ್ತರೊಳಗಿನವರಿಗೆ ಖಿನ್ನತೆಯ ಔಷಧಿ ಬರೆದುಕೊಡುವುದು ಮುಂದಿನ ಎರಡು ವರ್ಷಗಳಲ್ಲಿ ಶೇ. 21ರಷ್ಟು ಏರಿತ್ತು.

ಹಾಗಾದರೆ ಹಿಂಸೆ ಕಂಡ ಮಗುವಿನ ಹಣೆಬರಹ ಅಂದೇ ತೀರ್ಮಾನವಾಯಿತೆ? ಇಲ್ಲ. ಕ್ಯಾಥಿ ವಿಡಮ್ 1989ರಲ್ಲಿ ನೀಡಿದ ಅಂಕಿಗಳು ಇಂದಿಗೂ ಎಚ್ಚರಿಕೆ ಹೇಳುತ್ತವೆ: ದೌರ್ಜನ್ಯ, ನಿರ್ಲಕ್ಷ್ಯಗಳಿಗೆ ತುತ್ತಾದ ಮಕ್ಕಳಲ್ಲಿ ಶೇ. 26 ಮಂದಿ ಬಾಲಾಪರಾಧಿಗಳಾಗಿ ಬಂಧನಕ್ಕೊಳಗಾದರೆ, ಹಾಗೆ ತುತ್ತಾಗದವರಲ್ಲಿ ಶೇ. 17. ವ್ಯತ್ಯಾಸ ನಿಜ, ಆದರೆ ನೊಂದ ಮಕ್ಕಳಲ್ಲೂ ಬಹುಪಾಲು ಆ ದಾರಿ ಹಿಡಿಯಲಿಲ್ಲ. ಬಂದೂಕನ್ನು ತಾವೇ ಹಿಡಿದ ಮಕ್ಕಳ ಕಥೆಯೂ ಇದಕ್ಕೆ ಹತ್ತಿರ. ಸಿಯೆರಾ ಲಿಯೋನ್‌ನ ಅಂತರ್ಯುದ್ಧಕ್ಕೆ ಸಿಕ್ಕಿದ ಐನೂರಕ್ಕೂ ಹೆಚ್ಚು ಮಕ್ಕಳನ್ನು, ಅವರಲ್ಲಿ ಮಾಜಿ ಬಾಲಸೈನಿಕರೂ ಸೇರಿದಂತೆ, ತೆರೇಸಾ ಬೆಟನ್‌ಕೋರ್ಟ್ 2002ರಿಂದ ಬೆನ್ನುಬಿಡದೆ ಅಧ್ಯಯನ ಮಾಡಿದ್ದಾರೆ. ಕೊಂದವರಲ್ಲಿ, ಗಾಯಗೊಳಿಸಿದವರಲ್ಲಿ ಕಾಲ ಕಳೆದಂತೆ ಹಗೆತನ ಹೆಚ್ಚಿತು. ಆದರೆ ಊರು ಕರೆದು ಸೇರಿಸಿಕೊಂಡವರ ಗತಿ, ‘ಕೊಲೆಗಾರ’ ಎಂದು ಊರು ದೂರವಿಟ್ಟವರ ಗತಿಗಿಂತ ಸ್ಪಷ್ಟವಾಗಿ ಉತ್ತಮವಾಗಿತ್ತು. ಕಂಡದ್ದೂ ಮಾಡಿದ್ದೂ ಹಿಂದಕ್ಕೆ ಹೋಗುವಂಥದ್ದಲ್ಲ. ಬದಲಾಗಬಲ್ಲದ್ದು ಸುತ್ತಲಿನವರ ನಡೆ.

ಆಯುಧದ ಸಾಮೀಪ್ಯದ ವಿಷಯದಲ್ಲೂ ಇದೇ ತಿರುವು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನ, ಅಕ್ರಮ ಬಂದೂಕು ಹೊಂದಿದ ಹುಡುಗರಲ್ಲಿ ಶೇ. 74 ಮಂದಿ ಬೀದಿ ಅಪರಾಧಗಳಲ್ಲಿ ತೊಡಗಿದ್ದರೆಂದು ಹೇಳಿತು. ಕಾನೂನುಬದ್ಧವಾಗಿ, ಬಹುತೇಕ ಬೇಟೆ-ಗುರಿಯಾಟಗಳಿಗೆಂದು ಮನೆಯವರಿಂದಲೇ ಪಡೆದವರಲ್ಲಿ ಈ ಪ್ರಮಾಣ ಶೇ. 14, ಬಂದೂಕೇ ಇಲ್ಲದವರಲ್ಲಿ ಶೇ. 24. ಕನ್ನಡದ ಓದುಗರಿಗೆ ಇದು ಅಷ್ಟೇನೂ ಅಚ್ಚರಿ ತರಲಾರದು. ಮಗ ಹುಟ್ಟಿದಾಗ ಗುಂಡು ಹಾರಿಸುವ, ಕೈಲ್ ಮುಹೂರ್ತದಂದು ಕೋವಿಗೆ ಹೂವಿಟ್ಟು ಪೂಜಿಸಿ ತೆಂಗಿನಕಾಯಿಗೆ ಗುರಿಯಿಡುವ ಕೊಡವರಿಗೆ ಬ್ರಿಟಿಷರ ಕಾಲದಿಂದಲೂ ಪರವಾನಗಿಯ ವಿನಾಯಿತಿ ಇದೆ. ಅಲ್ಲಿ ಕೋವಿ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಹಿರಿಯರ ಕಣ್ಣಳತೆಯಲ್ಲಿ, ಸಂಸ್ಕಾರದ ಚೌಕಟ್ಟಿನಲ್ಲಿ ಕೂಸಿಗೆ ಪರಿಚಯವಾಗುವ ವಸ್ತು. ಆದರೆ ಇದನ್ನು ಅಮೆರಿಕದ ಬಂದೂಕುಪ್ರಿಯರು ಎಳೆಯುವಷ್ಟು ದೂರ ಎಳೆಯುವುದು ತಪ್ಪು. ಸಂಸ್ಕಾರ ಕಲಿಸಿದರೆ ಸಾಕು, ಮಗು ಬಂದೂಕಿನ ಹತ್ತಿರ ಸುಳಿಯದು ಎಂಬ ಅವರ ಭರವಸೆಯನ್ನು 2001ರ ಅಟ್ಲಾಂಟಾ ಅಧ್ಯಯನ ಕೆಡವಿತು. 8ರಿಂದ 12 ವರ್ಷದ 64 ಹುಡುಗರನ್ನು ಗುಂಪುಗುಂಪಾಗಿ ಕೋಣೆಯೊಂದರಲ್ಲಿ ಬಿಟ್ಟು, ಗುಂಡಿಲ್ಲದ ನಿಜವಾದ ಪಿಸ್ತೂಲನ್ನು ಡ್ರಾಯರಿನಲ್ಲಿ ಅಡಗಿಸಿಟ್ಟಿದ್ದರು. ಅದನ್ನು ಕಂಡ ಗುಂಪುಗಳ 48 ಹುಡುಗರಲ್ಲಿ 30 ಮಂದಿ ಮುಟ್ಟಿದರು, 16 ಮಂದಿ ಟ್ರಿಗರ್ ಒತ್ತಿದರು. ಮುಟ್ಟಿದವರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಬಂದೂಕಿನ ಸುರಕ್ಷತೆಯ ಪಾಠ ಮೊದಲೇ ಆಗಿತ್ತು! 2006ರ ಇನ್ನೊಂದು ಅಧ್ಯಯನದಲ್ಲಿ, ತಮ್ಮ ಮಗು ಮನೆಯ ಬಂದೂಕನ್ನು ಮುಟ್ಟಿಯೇ ಇಲ್ಲ ಎಂದ ತಂದೆತಾಯಿಯರಲ್ಲಿ ಶೇ. 22 ಮಂದಿಯ ಮಾತನ್ನು ಅವರ ಮಕ್ಕಳೇ ಸುಳ್ಳಾಗಿಸಿದರು.

ಫಲ ಕೊಟ್ಟಿದ್ದು ಪಾಠವಲ್ಲ, ಬೀಗ. ಬಂದೂಕಿನಿಂದ ಗುಂಡು ತೆಗೆದು, ಎರಡನ್ನೂ ಬೇರೆಬೇರೆ ಬೀಗ ಹಾಕಿಟ್ಟ ಮನೆಗಳಲ್ಲಿ ಎಳೆಯರ ಆತ್ಮಹತ್ಯೆಯೂ ಆಕಸ್ಮಿಕ ಗಾಯಗಳೂ ಕಡಿಮೆ ಎಂದು ಡೇವಿಡ್ ಗ್ರಾಸ್‌ಮನ್ ತಂಡ 2005ರಲ್ಲಿ ಕಂಡುಕೊಂಡಿತು. ಕಳ್ಳ ಬಂದಾಗ ಬೀಗದೊಳಗಿನ ಬಂದೂಕು ಏನು ಪ್ರಯೋಜನ ಎಂಬುದು ನಿರೀಕ್ಷಿತ ಪ್ರಶ್ನೆ. ಬಾರದೆಯೂ ಇರಬಹುದಾದ ಕಳ್ಳನಿಗಾಗಿ, ದಿನವೂ ಮನೆಯಲ್ಲೇ ಇರುವ ಹದಿನೈದರ ಹುಡುಗನ ಒಂದು ಕೆಟ್ಟ ಗಳಿಗೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು ವಿಚಿತ್ರ ಗಣಿತ. ಮಕ್ಕಳ ಕೈಗೆ ಸಿಗುವಂತೆ ಬಂದೂಕಿಟ್ಟ ಹಿರಿಯರನ್ನು ಹೊಣೆಯಾಗಿಸುವ ಕಾನೂನನ್ನು ಫ್ಲಾರಿಡಾ 1989ರಲ್ಲಿ ಮೊದಲು ತಂದಿತು. ಇಂಥ ಕಾನೂನುಗಳು ಎಳೆಯರ ಸಾವುನೋವನ್ನು ತಗ್ಗಿಸುತ್ತವೆ ಎಂಬುದಕ್ಕೆ ಬಲವಾದ ಪುರಾವೆಯಿದೆಯೆಂದು ರ‍್ಯಾಂಡ್ ಸಂಶೋಧನಾ ಸಂಸ್ಥೆಯ ಪರಾಮರ್ಶೆಯೂ ಹೇಳುತ್ತದೆ. 2021ರಲ್ಲಿ ಮಿಷಿಗನ್‌ನ ಆಕ್ಸ್‌ಫರ್ಡ್ ಪ್ರೌಢಶಾಲೆಯಲ್ಲಿ 15 ವರ್ಷದ ವಿದ್ಯಾರ್ಥಿ ನಾಲ್ವರನ್ನು ಕೊಂದ. ಪಿಸ್ತೂಲನ್ನು ನಾಲ್ಕು ದಿನ ಮೊದಲಷ್ಟೇ ಅಪ್ಪ ಕೊಂಡಿದ್ದ. 2024ರಲ್ಲಿ ಅಪ್ಪ, ಅಮ್ಮ ಇಬ್ಬರಿಗೂ ನರಹತ್ಯೆಯ ಅಪರಾಧಕ್ಕೆ ತಲಾ 10ರಿಂದ 15 ವರ್ಷಗಳ ಸೆರೆಯಾಯಿತು.

ಮನೆಯ ಬೀಗ ಷಿಕಾಗೋದ ಬೀದಿಯ ಮಗುವನ್ನು ಕಾಯದು ಎಂಬುದು ನಿಜ. ಆ ಮಗುವಿನ ಅಪ್ಪ-ಅಮ್ಮ ಎಷ್ಟೇ ಎಚ್ಚರದವರಾದರೂ ಪಕ್ಕದ ಬೀದಿಯ ಗುಂಡು ಅವರ ಹತೋಟಿಯಲ್ಲಿಲ್ಲ. ಅಲ್ಲಿ ಹಿರಿಯರೆಂದರೆ ನಗರ, ಪೊಲೀಸು, ಶಾಸನಸಭೆ. ಅವರ ನಡೆಯ ದಾಖಲೆ ಹೀಗಿದೆ: 1996ರಲ್ಲಿ ಬಂದೂಕು ಲಾಬಿಯ ಒತ್ತಡಕ್ಕೆ ಮಣಿದು ಅಮೆರಿಕದ ಸಂಸತ್ತು ತಂದ ಡಿಕಿ ತಿದ್ದುಪಡಿಯಿಂದ ಈ ಸಂಶೋಧನೆಗೆ ಕೇಂದ್ರ ಸರ್ಕಾರದ ಹಣ ಬಹುಪಾಲು ಬತ್ತಿತು, ಮತ್ತೆ 2.5 ಕೋಟಿ ಡಾಲರ್ ಮಂಜೂರಾಗಲು 2019ರ ಡಿಸೆಂಬರ್ ಬರಬೇಕಾಯಿತು. ಮರುವರ್ಷ, 2020ರಲ್ಲಿ, ಆ ದೇಶದ 1ರಿಂದ 19 ವರ್ಷದವರ ಸಾವಿಗೆ ಕಾರಣಗಳ ಪಟ್ಟಿಯಲ್ಲಿ ರಸ್ತೆ ಅಪಘಾತವನ್ನು ಹಿಂದಿಕ್ಕಿ ಬಂದೂಕು ಮೊದಲ ಸ್ಥಾನಕ್ಕೆ ಬಂತು.