ಯುಕುಂಡಸ್‌ನ ಪೆಟ್ಟಿಗೆ: ಪಾಂಪೇಯಿಯ ರಸೀದಿಗಳು

1/5

ಫಸ್ಟ್ ಸೆಮ್‌ನಲ್ಲಿ ಅಕೌಂಟ್ಸ್ ಮೇಷ್ಟ್ರು ಮೊದಲ ದಿನವೇ ಬೋರ್ಡ್ ಮೇಲೆ ಬರೆದಿದ್ದು ನೆನಪಿದೆಯಾ? ವೋಚರ್ ಇಲ್ಲದೆ ಎಂಟ್ರಿ ಇಲ್ಲ. ನಾವೆಲ್ಲ ಹಿಂದಿನ ಬೆಂಚಲ್ಲಿ ಕೂತು ನಕ್ಕಿದ್ವಿ. ಇವತ್ತಿನ ಕಥೆ ಆ ವೋಚರ್‌ದೇ. ಎರಡು ಸಾವಿರ ವರ್ಷ ಹಳೆಯದು.

ರೋಮ್ ಸರಣಿ ಶುರು ಮಾಡಿದಾಗಿಂದ ಎಲ್ಲರೂ ಕೇಳೋದು ಸೀಸರ್, ನೀರೋ, ಗ್ಲಾಡಿಯೇಟರ್. ಸ್ವಲ್ಪ ತಾಳಿ. ಇವತ್ತು ಒಬ್ಬ ಬ್ಯಾಂಕರ್ ಬಗ್ಗೆ ಹೇಳ್ತೀನಿ. ಹೆಸರು ಲೂಸಿಯಸ್ ಕೈಕಿಲಿಯಸ್ ಯುಕುಂಡಸ್, ಊರು ಇಟಲಿಯ ಪಾಂಪೇಯಿ. ಹೌದು, ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಬೂದಿಯಲ್ಲಿ ಮುಚ್ಚಿಹೋದ ಅದೇ ಪಾಂಪೇಯಿ.

1875ರ ಜುಲೈನಲ್ಲಿ ಅವನ ಮನೆ ಅಗೆಯುವಾಗ ಮಹಡಿಯ ಭಾಗದಲ್ಲಿ ಒಂದು ಮರದ ಪೆಟ್ಟಿಗೆ ಸಿಕ್ತು. ಒಳಗೆ ಚಿನ್ನ ಇರಲಿಲ್ಲ. ಸುಟ್ಟು ಇದ್ದಿಲಾಗಿದ್ದ ಮರದ ಹಲಗೆಗಳಿದ್ದವು, ನೂರೈವತ್ತಕ್ಕೂ ಹೆಚ್ಚು ದಾಖಲೆಗಳು. ಎಲ್ಲವೂ ರಸೀದಿಗಳು!

ಆಗಿನ ಕಾಲದಲ್ಲಿ ಮರದ ಹಲಗೆಯನ್ನ ಸ್ವಲ್ಪ ಕೊರೆದು, ಅದರೊಳಗೆ ಮೇಣ ತುಂಬಿ, ಮೊನಚು ಕಡ್ಡಿಯಿಂದ ಬರೀತಿದ್ರು. ಮೇಣ ಎಂದೋ ಹೋಗಿತ್ತು. ಆದ್ರೆ ಬರೆದವರು ಎಷ್ಟು ಒತ್ತಿ ಬರೆದಿದ್ರು ಅಂದ್ರೆ ಕಡ್ಡಿಯ ಗೀರು ಕೆಳಗಿನ ಮರಕ್ಕೂ ಇಳಿದಿತ್ತು. ಆ ಗೀರುಗಳನ್ನ ಓದಿಯೇ ಇಷ್ಟೆಲ್ಲ ಗೊತ್ತಾಗಿದ್ದು. ಇನ್ಮೇಲೆ ಒತ್ತಿ ಬರೀಬೇಡ ಅಂತ ಯಾರಾದ್ರೂ ಬೈದ್ರೆ ಇದನ್ನ ತೋರಿಸಿ.

2/5

ಇವನ ವ್ಯಾಪಾರ ಹೇಗೆ ನಡೀತಿತ್ತು ಅಂತ ನೋಡೋಣ, ನಮ್ಮ ಸಬ್ಜೆಕ್ಟೇ ಅಲ್ವಾ.

ಒಬ್ಬನಿಗೆ ಏನೋ ಮಾರಬೇಕು ಅಂತಿಟ್ಕೊಳ್ಳಿ. ಹರಾಜು ನಡೆಯುತ್ತೆ. ಕೊಂಡವನ ಕೈಯಲ್ಲಿ ಆ ಹೊತ್ತಿಗೆ ಪೂರ್ತಿ ಹಣ ಇಲ್ಲ. ಯುಕುಂಡಸ್ ನಡುವೆ ಬಂದು ಮಾರಿದವನಿಗೆ ತನ್ನ ಕೈಯಿಂದ ಹಣ ಕೊಡ್ತಾನೆ, ತನ್ನ ಕಮಿಷನ್ ಹಿಡ್ಕೊಂಡು. ಆಮೇಲೆ ಕೊಂಡವನಿಂದ ವಸೂಲಿ ಮಾಡ್ಕೊಳ್ತಾನೆ. ಹಣ ಕೊಟ್ಟ ಮೇಲೆ ಮಾರಿದವನ ಕಡೆಯಿಂದ 'ನನಗೆ ಇಷ್ಟು ಬಂದಿದೆ' ಅಂತ ಬರೆಸಿಕೊಳ್ತಾನೆ. ಪೆಟ್ಟಿಗೆಯಲ್ಲಿ ಹೆಚ್ಚಾಗಿ ಇದ್ದದ್ದು ಇವೇ. ಜರ್ನಲ್ ಇಲ್ಲ, ಲೆಡ್ಜರ್ ಇಲ್ಲ, ಬರೀ ವೋಚರ್. ಅದಕ್ಕೇ ಇವನ ಬ್ಯಾಲೆನ್ಸ್ ಶೀಟ್ ಯಾರಿಂದಲೂ ಹಾಕೋಕಾಗಲ್ಲ.

ಹೆಚ್ಚಿನವು ಕ್ರಿ.ಶ. 52ರಿಂದ 62ರ ನಡುವಿನವು. ಎಲ್ಲಕ್ಕಿಂತ ಹಳೆಯದು ಕ್ರಿ.ಶ. 15ರದ್ದು, ಕೈಕಿಲಿಯಸ್ ಫೆಲಿಕ್ಸ್ ಅನ್ನೋನ ಕಾಲದ್ದು. ಯುಕುಂಡಸ್‌ಗಿಂತ ಮುಂಚೆ ಈ ವ್ಯವಹಾರ ನಡೆಸ್ತಿದ್ದವನು, ಅಪ್ಪ ಇರಬೇಕು ಅಥವಾ ಹಳೆಯ ಯಜಮಾನ. ಅದರಲ್ಲಿರೋದು ಒಂದು ಹೇಸರಗತ್ತೆ ಮಾರಾಟ, ಬೆಲೆ 520 ಸೆಸ್ಟರ್ಸ್.

520 ಅಂದ್ರೆ ಎಷ್ಟು? ಆ ಕಾಲದ ರೋಮನ್ ಸೈನಿಕನ ವರ್ಷದ ಸಂಬಳ 900 ಸೆಸ್ಟರ್ಸ್. ಅಂದ್ರೆ ಒಂದು ಹೇಸರಗತ್ತೆಗೆ ಸೈನಿಕನ ಏಳು ತಿಂಗಳ ದುಡಿಮೆ! ಪೆಟ್ಟಿಗೆಯಲ್ಲಿ ಒಂದು ರಸೀದಿ 38,079 ಸೆಸ್ಟರ್ಸ್‌ದೂ ಇದೆ. ಲೆಕ್ಕ ನೀವೇ ಹಾಕಿ, ಕ್ಯಾಲ್ಕುಲೇಟರ್ ಬೇಡ.

3/5

ನನಗೆ ಈ ರಸೀದಿಗಳಲ್ಲಿ ಬಹಳ ಹಿಡಿಸಿದ್ದು ಅವುಗಳನ್ನ ಕಟ್ಟುತ್ತಿದ್ದ ರೀತಿ. ಮೂರು ಹಲಗೆ ಪುಸ್ತಕದ ಹಾಗೆ ಸೇರಿಸ್ತಿದ್ರು. ವಿಷಯ ಎರಡು ಸಲ ಬರೀತಿದ್ರು. ಒಂದು ಒಳಗೆ. ಅದನ್ನ ಮುಚ್ಚಿ, ದಾರ ಸುತ್ತಿ, ದಾರದ ಮೇಲೆ ಸಾಕ್ಷಿಗಳು ತಮ್ಮ ಉಂಗುರದ ಮುದ್ರೆ ಒತ್ತುತ್ತಿದ್ರು. ಇನ್ನೊಂದು ಹೊರಗೆ, ಬೇಕಾದಾಗ ಓದೋಕೆ. ಹೊರಗಿನದನ್ನ ಯಾರಾದ್ರೂ ತಿದ್ದಿದ್ದಾರೆ ಅಂತ ಜಗಳ ಬಂದ್ರೆ ಮಾತ್ರ ಮುದ್ರೆ ಒಡೆದು ಒಳಗಿನದನ್ನ ನೋಡೋದು. ಒಂದು ಪ್ರತಿ ಓದೋಕೆ, ಒಂದು ಪ್ರತಿ ಅಪನಂಬಿಕೆಗೆ.

ಇನ್ನು ಸಾಕ್ಷಿಗಳ ಹೆಸರು. ಮುದ್ರೆಗಳ ಪಕ್ಕ ಸಾಲಾಗಿ ಬರೆದಿರ್ತಾರೆ. ಆ ಸಾಲು ಬಂದ ಹಾಗೆ ಬರೆದದ್ದಲ್ಲ, ಅಂತಸ್ತಿನ ಪ್ರಕಾರ ಬರೆದದ್ದು. ಊರಿನ ಅಧಿಕಾರ ನಡೆಸಿದ ಮನೆತನದವರು ಮೇಲೆ, ಗುಲಾಮಗಿರಿಯಿಂದ ಬಿಡುಗಡೆಯಾದವರು ಕೆಳಗೆ. ನಮ್ಮೂರ ಮದುವೆ ಕಾರ್ಡಿನಲ್ಲಿ ಯಾರ ಹೆಸರು ಮೊದಲು ಅಂತ ಜಗಳ ನೋಡಿದವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ.

ಮತ್ತೆ ಆ ಸಾಕ್ಷಿಗಳಲ್ಲಿ ಹೆಂಗಸರ ಹೆಸರೇ ಇಲ್ಲ.

ಆದ್ರೆ ಮಾರಿದವರಲ್ಲಿ ಹೆಂಗಸರಿದ್ದಾರೆ. ಹಿಸ್ಟ್ರಿಯಾ ಇಖಿಮಾಸ್, ಟುಲ್ಲಿಯಾ ಲಾಂಪಿರಿಸ್, ಉಂಬ್ರಿಕಿಯಾ ಯಾನುವಾರಿಯಾ. ಈ ಉಂಬ್ರಿಕಿಯಾಳ ರಸೀದಿಯನ್ನ ನಾನು ಎಷ್ಟು ಸಲ ಓದಿದೀನೋ. ಕ್ರಿ.ಶ. 56ರ ಡಿಸೆಂಬರ್. ಅವಳ ಹರಾಜಿನಿಂದ ಬಂದ ಹಣ 11,039 ಸೆಸ್ಟರ್ಸ್, ಸೈನಿಕನ ಹನ್ನೆರಡು ವರ್ಷದ ಸಂಬಳಕ್ಕಿಂತ ಜಾಸ್ತಿ. ಸಣ್ಣ ಕುಳ ಅಲ್ಲ. ಪಾಂಪೇಯಿಯಲ್ಲಿ ಮೀನಿನ ಸಾಸ್ ಮಾಡಿ ಶ್ರೀಮಂತರಾದ ಉಂಬ್ರಿಕಿಯಸ್ ಮನೆತನ ಒಂದಿತ್ತು. ಬಿಡುಗಡೆಯಾದ ಗುಲಾಮರು ಹಳೆಯ ಯಜಮಾನರ ಮನೆ ಹೆಸರನ್ನೇ ಇಟ್ಕೊಳ್ತಿದ್ರು. ಇವಳೂ ಹಾಗೆ ಬಂದವಳಿರಬಹುದು. ಇಷ್ಟೆಲ್ಲ ಹಣ ಅವಳದ್ದು, ಆದ್ರೆ ರಸೀದಿ ಬರೆದದ್ದು ಡೆಸಿಮಸ್ ವೋಲ್ಸಿಯಸ್ ಥಾಲಸ್ ಅನ್ನೋ ಗಂಡಸು. ಉಂಬ್ರಿಕಿಯಾ ಕೇಳಿಕೊಂಡಿದ್ದಕ್ಕೆ ನಾನು ಬರೆದೆ ಅಂತ ಅದರಲ್ಲೇ ಹೇಳಿದಾನೆ.

ಇಲ್ಲಿ ನಮ್ಮ ಅಜ್ಜಿ ವಿಷಯ ಹೇಳ್ಲೇಬೇಕು. ಅಜ್ಜಿಗೆ ಓದು ಬರಹ ಇಲ್ಲ, ಹೆಬ್ಬೆಟ್ಟು. ಎಮ್ಮೆ ತಗೊಳ್ಳೋಕೆ ಒಂದು ಕಡೆ ಸಾಲ ಮಾಡಿ ಪ್ರತಿ ತಿಂಗಳು ಕಂತು ಕಟ್ಟಿದ್ರು. ಎರಡು ಕಂತಿಗೆ ರಸೀದಿ ಕೊಟ್ಟಿರ್ಲಿಲ್ಲ, ಅಜ್ಜಿಗೂ ಕೇಳೋದು ಗೊತ್ತಾಗಿಲ್ಲ. ಕೊನೆಗೆ ಪುಸ್ತಕದಲ್ಲಿ ಇಲ್ಲ ಅಂದ್ರು. ಎರಡೂ ಕಂತು ಮತ್ತೆ ಕಟ್ಟಿದ್ರು. ಅವತ್ತಿಂದ ಅಜ್ಜಿ ಕರೆಂಟ್ ಬಿಲ್ಲಿಂದ ಹಿಡಿದು ರೇಷನ್ ಚೀಟಿವರೆಗೂ ಎಲ್ಲಾನೂ ಒಂದು ಬಿಸ್ಕತ್ ಡಬ್ಬದಲ್ಲಿ ಹಾಕಿ ಅಟ್ಟದ ಮೇಲೆ ಇಡ್ತಾರೆ. ಏನು ಬರೆದಿದೆ ಅಂತ ಅವರಿಗೆ ಗೊತ್ತಿಲ್ಲ, ಬಿಸಾಕಬಾರದು ಅಂತ ಮಾತ್ರ ಗೊತ್ತು. ಯುಕುಂಡಸ್‌ನ ಪೆಟ್ಟಿಗೆ ಬಗ್ಗೆ ಮೊದಲ ಸಲ ಓದಿದಾಗ ನನಗೆ ಕಂಡಿದ್ದು ಆ ಡಬ್ಬ.

ಒಂದು ವ್ಯತ್ಯಾಸ ಗಮನಿಸಿ. ಉಂಬ್ರಿಕಿಯಾಗೆ ಹಣ ಸಂದಿದೆ ಅನ್ನೋ ಪತ್ರ ಯುಕುಂಡಸ್‌ನ ರಕ್ಷಣೆಗೆ ಇತ್ತು. ಅವಳ ಪೆಟ್ಟಿಗೆ ಯಾವುದೂ ನಮಗೆ ಸಿಕ್ಕಿಲ್ಲ.

4/5

ಇನ್ನೊಂದು ಹೆಸರು ಪ್ರಿವಾಟಸ್.

ಯುಕುಂಡಸ್ ಹರಾಜಿನ ಜೊತೆಗೆ ಊರಿನ ಆಸ್ತಿಯ ಗುತ್ತಿಗೆಯನ್ನೂ ಹಿಡಿದಿದ್ದ: ಒಂದು ಹುಲ್ಲುಗಾವಲು, ಒಂದು ಜಮೀನು, ಒಂದು ಬಟ್ಟೆ ಒಗೆಯುವ ಕಾರ್ಖಾನೆ. (ರೋಮನ್ನರು ಉಣ್ಣೆ ಬಟ್ಟೆಯನ್ನ ಮೂತ್ರದಲ್ಲಿ ತುಳಿದು ಕೊಳೆ ತೆಗೀತಿದ್ರು. ಆಮೇಲೆ ಬಂದ ವೆಸ್ಪಾಸಿಯನ್ ಚಕ್ರವರ್ತಿ ಮೂತ್ರದ ಮೇಲೂ ತೆರಿಗೆ ಹಾಕಿದ. ಜಿಎಸ್‌ಟಿ ಬೈಯೋರು ಸ್ವಲ್ಪ ಯೋಚನೆ ಮಾಡಿ.) ಆ ಕಾರ್ಖಾನೆಗೆ ಬಾಡಿಗೆ 1,652 ಸೆಸ್ಟರ್ಸ್. ಒಂದು ರಸೀದಿ ಪ್ರಕಾರ ಹಿಂದಿನ ಬಾಕಿ ಉಳಿಸಿಕೊಂಡು ತಡವಾಗಿ ಕಟ್ಟಿದಾನೆ. ಬ್ಯಾಂಕರ್ ಸ್ವಾಮಿ ಇವನು!

ಆ ಹಣ ತಗೊಂಡು ಸಹಿ ಹಾಕಿದವನು ಪ್ರಿವಾಟಸ್. ನಾನು ಹಣ ಪಡೆದಿದೀನಿ ಅಂತ ಬರೆದಿದಾನೆ, ತಾನು ಊರಿನ ಗುಲಾಮ ಅಂತಾನೂ ಅದರಲ್ಲೇ ಹೇಳಿದಾನೆ. ಒಬ್ಬ ಯಜಮಾನನ ಗುಲಾಮ ಅಲ್ಲ, ಇಡೀ ಪಾಂಪೇಯಿ ಊರಿಗೆ ಸೇರಿದ ಗುಲಾಮ. ಊರಿನ ಖಜಾನೆ ಲೆಕ್ಕ ಇವನ ಕೈಯಲ್ಲಿ. ಅವನ ಅಕ್ಷರಕ್ಕೆ ಬೆಲೆ ಇದೆ, ಬಾಕಿ ತೀರುತ್ತೆ. ಆದ್ರೆ ಕಾನೂನಿನ ಲೆಕ್ಕದಲ್ಲಿ ಅವನೇ ಊರಿನ ಆಸ್ತಿ, ಆ ಹುಲ್ಲುಗಾವಲಿನ ಹಾಗೆ. ಹರಾಜುಕಟ್ಟೆಯಲ್ಲಿ ಹೇಸರಗತ್ತೆ ಮಾರಿದ ಹಾಗೇ ಅವನಂಥವರನ್ನೂ ಮಾರ್ತಿದ್ರು.

ಕಾಲೇಜಲ್ಲಿ ಅಸೆಟ್ಸ್ ಸೈಡು ಅಂದಾಗೆಲ್ಲ ನನಗೀಗ ಪ್ರಿವಾಟಸ್ ನೆನಪಾಗ್ತಾನೆ. ಲೆಕ್ಕ ಬರೆಯೋನೇ ಲೆಕ್ಕದೊಳಗಿನ ಒಂದು ಐಟಂ. ಇದನ್ನ ಟೈಪ್ ಮಾಡೋವಾಗ್ಲೂ ಒಂಥರಾ ಆಗ್ತಿದೆ.

5/5

ಯುಕುಂಡಸ್ ಮನೆಯಲ್ಲಿ ಒಂದು ಕಂಚಿನ ತಲೆಯೂ ಸಿಕ್ಕಿತ್ತು, ಈಗ ನೇಪಲ್ಸ್ ಮ್ಯೂಸಿಯಂನಲ್ಲಿದೆ. ಕೂದಲು ಹಿಂದೆ ಸರಿದಿದೆ, ಕಿವಿ ಅಗಲ, ಕೆನ್ನೆ ಮೇಲೆ ಒಂದು ನರುಳ್ಳೆ. ಬಿಡುಗಡೆಯಾದ ಗುಲಾಮ ಫೆಲಿಕ್ಸ್ ಅನ್ನೋನು 'ನಮ್ಮ ಲೂಸಿಯಸ್'ಗಾಗಿ ಮಾಡಿಸಿದ್ದು ಅಂತ ಕೆಳಗೆ ಕೆತ್ತಿದೆ. ಅದು ಯುಕುಂಡಸ್ಸಾ ಅವನ ಹಿಂದಿನವನಾ ಅಂತ ಪಂಡಿತರು ಇನ್ನೂ ಜಗಳ ಆಡ್ತಿದಾರೆ. ನನಗಂತೂ ಬಾಕಿ ಕೇಳೋಕೆ ಬಂದ ಮುಖ ಅನ್ಸುತ್ತೆ.

ಪೆಟ್ಟಿಗೆಯ ಕೊನೆಯ ರಸೀದಿ ಕ್ರಿ.ಶ. 62ರ ಜನವರಿಯದ್ದು. ಅದೇ ಫೆಬ್ರವರಿ 5ಕ್ಕೆ ಪಾಂಪೇಯಿಯಲ್ಲಿ ದೊಡ್ಡ ಭೂಕಂಪ ಆಯ್ತು (ವರ್ಷ 63 ಅನ್ನೋರೂ ಇದಾರೆ). ಅವನ ಮನೆಯ ದೇವರಗೂಡಿಗೆ ಹಾಕಿದ್ದ ಅಮೃತಶಿಲೆಯ ಫಲಕದಲ್ಲಿ ಆ ದಿನದ ಚಿತ್ರವೇ ಇದೆ. ಊರ ನಡುವಿನ ಜುಪಿಟರ್ ದೇವಸ್ಥಾನ ಒಂದು ಕಡೆಗೆ ವಾಲಿ ನಿಂತಿದೆ. ಭೂಕಂಪ ದಾಟಿದ ಮನೆಯವರು ಅದನ್ನ ಕೆತ್ತಿಸಿ, ದಿನಾ ಪೂಜೆ ಮಾಡೋ ಜಾಗದಲ್ಲೇ ಹಾಕಿಸಿದ್ರು.

ಆಮೇಲೆ ಹದಿನೇಳು ವರ್ಷ ಆ ಪೆಟ್ಟಿಗೆಗೆ ಹೊಸ ರಸೀದಿ ಒಂದೂ ಸೇರಿಲ್ಲ. ಯಾರೂ ಬಿಸಾಕಲೂ ಇಲ್ಲ. 79ರಲ್ಲಿ ಬೂದಿ ಬಿದ್ದಾಗ ಅದು ಮಹಡಿ ಮೇಲೇ ಇತ್ತು.

ಮುಂದಿನ ವಾರ ಪಾಂಪೇಯಿಯ ಬೇಕರಿ, ಸುಟ್ಟ ಬ್ರೆಡ್ ಸಮೇತ. ಇಂಟರ್ನಲ್ಸ್ ಮುಗಿದ ಮೇಲೆ ಹಾಕ್ತೀನಿ.

#ರೋಮ್_ಕಥೆ #ಪಾಂಪೇಯಿ #ಬಿಕಾಂ_ಹುಡುಗರ_ಇತಿಹಾಸ