ರಾಣಿ ಛಾಪಾ ರೂಪಾಯಿಗೆ ಎಷ್ಟು ಲಕ್ಷ?

"ಹಳೇ ನಾಣ್ಯ ಇದ್ಯಾ? ಹತ್ತು ಲಕ್ಷ ಕೊಡ್ತೀವಿ!" ಇಂಥ ವಿಡಿಯೊ ನಿಮ್ಮ ಮೊಬೈಲ್‌ಗೂ ಬಂದಿರುತ್ತೆ. ಮುಧೋಳ ತಾಲ್ಲೂಕಿನ ತಿಮ್ಮಾಪುರದ ವೀಕ್ಷಕರೊಬ್ಬರು ಬೆಳ್ಳಿ ರೂಪಾಯಿಯ ಫೋಟೊ ಕಳಿಸಿ ಕೇಳಿದ್ದರು: "ಸರ್, ನಮ್ಮಜ್ಜಿ ಗಂಟಿನ್ಯಾಗ ಇತ್ತು. ಇದಕ್ಕ ಎಷ್ಟ ಲಕ್ಷ ಬರ್ತದ್ರೀ?" ಒಂದು ಕಡೆ ವಿಕ್ಟೋರಿಯಾ ರಾಣಿಯ ಮುಖ. ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1840ರ ಇಸವಿ. ಲಕ್ಷದ ಮಾತು ಆಮೇಲೆ. ಆ ರೂಪಾಯಿ ಏನು ಹೇಳ್ತಿದೆ ಅಂತ ಮೊದಲು ನೋಡೋಣ.

1835ಕ್ಕೆ ಮುಂಚೆ ಒಂದೊಂದು ಸೀಮೆಗೆ ಒಂದೊಂದು ರೂಪಾಯಿ. ಬದಲಾಯಿಸೋಕೆ ಹೋದರೆ ಸರಾಫರು ವಟ್ಟ ಮುರಿದುಕೊಳ್ಳುತ್ತಿದ್ದರು. ಆ ವರ್ಷ ಕಂಪನಿ ಕಾನೂನು ಮಾಡಿ ತನ್ನ ಆಳ್ವಿಕೆಗೆಲ್ಲ ಒಂದೇ ರೂಪಾಯಿ ತಂದಿತು. ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. 16 ಆಣೆ, 192 ಪೈ ಸೇರಿದರೆ ಒಂದು ರೂಪಾಯಿ.

1840ರ ಇಸವಿ ಇದೆ ಅಂದ ಮಾತ್ರಕ್ಕೆ ಅದು ಆ ವರ್ಷವೇ ಅಚ್ಚಾದದ್ದು ಅಂತಲ್ಲ. ಮುಂದೆ ಸುಮಾರು ಇಪ್ಪತ್ತು ವರ್ಷ ಅದೇ ಇಸವಿ ಹಾಕಿ ಟಂಕಿಸಿದರು. ಅಂದರೆ 1857ರಲ್ಲಿ ಜನರ ಕೈಯಲ್ಲಿ ಓಡಾಡುತ್ತಿದ್ದದ್ದು ಇದೇ ರೂಪಾಯಿ. ಅದೇ ವರ್ಷ, ಅದೇ ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಬೇಡರು ಆಯುಧ ಒಪ್ಪಿಸೋದಿಲ್ಲ ಅಂತ ಎದ್ದು ನಿಂತರು. ಕಂಪನಿಯ ಪಡೆ ಊರಿಗೆ ನುಗ್ಗಿತು. ಹಲವರನ್ನು ಗಲ್ಲಿಗೇರಿಸಿತು.

1858ರಲ್ಲಿ ಕಂಪನಿಯ ಆಡಳಿತವೇ ಮುಗಿಯಿತು. 1862ರ ರೂಪಾಯಿ ನೋಡಿ, ಕಂಪನಿಯ ಹೆಸರು ಮಾಯ! ಬರೀ 'ಇಂಡಿಯಾ'. 1877ಕ್ಕೆ ರಾಣಿ ಹೋಗಿ 'ಸಾಮ್ರಾಜ್ಞಿ' ಬಂದಳು. ದಂಗೆಯಿಂದ ಏನಾಯಿತು ಅಂತ ಪಠ್ಯಪುಸ್ತಕ ಹೇಳೋ ಮುಂಚೆ ನಾಣ್ಯ ಹೇಳಿತ್ತು.

ಈಗ ಬೆಲೆಗೆ ಬರೋಣ. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಮೊದಲು ತಕ್ಕಡಿ ಹಿಡಿಯುತ್ತೇನೆ. ಒಂದು ರೂಪಾಯಿಯಲ್ಲಿರೋ ಬೆಳ್ಳಿ ಸುಮಾರು 10.69 ಗ್ರಾಂ. ಇದನ್ನು ಇವತ್ತಿನ ಬೆಳ್ಳಿ ದರದಿಂದ ಗುಣಿಸಿ. ಅದು ತಳದ ಬೆಲೆ. ಅದರ ಮೇಲೆ ಎಷ್ಟು ಸಿಗುತ್ತೆ ಅನ್ನೋದು ಮೂರು ವಿಷಯದ ಮೇಲೆ ನಿಂತಿದೆ: ಇಸವಿ ಎಷ್ಟು ಅಪರೂಪ, ಯಾವ ಟಂಕಸಾಲೆಯದು, ಎಷ್ಟು ಸವೆದಿದೆ. 1862ರ ಇಸವಿಯನ್ನು 1874ರವರೆಗೂ ಹಾಕಿದ್ದರು, ಅದು ಸಾಮಾನ್ಯ. 1911ರದ್ದು ಬೇರೆ ಕಥೆ. ಐದನೇ ಜಾರ್ಜ್ ದೊರೆಯ ಎದೆಯ ಮೇಲಿದ್ದ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡು ಗಲಾಟೆಯಾಯಿತು. ಸರಕಾರ ಬಹುಪಾಲು ನಾಣ್ಯ ಕರಗಿಸಿತು. ಅದಕ್ಕೇ ಅದಕ್ಕೆ ಬೇಡಿಕೆ. 1940ರಿಂದ ಬೆಳ್ಳಿ ಅರ್ಧಕ್ಕಿಳಿಯಿತು. 1947ರ ಹೊತ್ತಿಗೆ ಪೂರ್ತಿ ನಿಕ್ಕಲ್.

ದಯವಿಟ್ಟು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಸರಕ್ಕೆ ಪೋಣಿಸೋಕೆ ಕೊಂಡಿ ಬೆಸೆಯಬೇಡಿ. ಹೊಳಪು ಬರುತ್ತೆ, ಬೆಲೆ ಹೋಗುತ್ತೆ. ತೂಕ ಕಡಿಮೆ ಬಂದರೆ, ಅಯಸ್ಕಾಂತಕ್ಕೆ ಬೆಳ್ಳಿ ರೂಪಾಯಿ ಅಂಟಿದರೆ ನಕಲಿ ಅಂತಲೇ ಅನುಮಾನಪಡಿ. ಹೊಲ ಉಳುವಾಗ ಗಡಿಗೆ ಸಿಕ್ಕರೆ ಹಂಚಿಕೊಳ್ಳಬೇಡಿ. ನಿಧಿ ಕಾಯ್ದೆ ಇದೆ, ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಆ ಹತ್ತು ಲಕ್ಷದ ವಿಡಿಯೊ? ಮೊದಲು ಫೋಟೊ ಕೇಳ್ತಾರೆ, ಆಮೇಲೆ ನೋಂದಣಿ ಶುಲ್ಕ, ಆಮೇಲೆ ತೆರಿಗೆ. ರಿಸರ್ವ್ ಬ್ಯಾಂಕ್ ಹೆಸರನ್ನೂ ಬಳಸ್ತಾರೆ. ತಾನು ಇಂಥ ವ್ಯವಹಾರ ಮಾಡೋದಿಲ್ಲ, ಶುಲ್ಕ ಕೇಳೋದಿಲ್ಲ ಅಂತ ಬ್ಯಾಂಕು 2021ರ ಆಗಸ್ಟ್‌ನಲ್ಲೇ ಹೇಳಿದೆ. ಕೊಳ್ಳೋನು ದುಡ್ಡು ಕೊಡಬೇಕೇ ಹೊರತು ಮಾರೋನಲ್ಲ. ಇಷ್ಟು ನೆನಪಿಟ್ಟರೆ ಸಾಕು.

ತಿಮ್ಮಾಪುರದವರಿಗೆ ನಾನು ಹೇಳಿದ್ದು ಇಷ್ಟೇ: ಲಕ್ಷ ಬರೋದಿಲ್ಲ ಸರ್. ಆದರೆ ಹಲಗಲಿ ಹೊತ್ತಿ ಉರಿದ ಕಾಲದ ರೂಪಾಯಿ ನಿಮ್ಮನೇಲಿದೆ. ಒಂದು ಚೀಟಿಯಲ್ಲಿ ಅಜ್ಜಿಯ ಹೆಸರು ಬರೆದು ಜೊತೆಗಿಡಿ. ಮುಂದೆ ನಿಮ್ಮ ಮೊಮ್ಮಕ್ಕಳು ಕೇಳ್ತಾರೆ.